ನುಂಗಿದ ಮಾತ್ರೆ

ತಮ್ಮನು ಮಾತ್ರೆ ನುಂಗುತ್ತಿಲ್ಲ ಎಂದು ಅಕ್ಕನಿಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ, ಅವನ ಶ್ವಾಸಕೋಶದಲ್ಲಿ ಕರಗುತ್ತಿದ್ದ ಕ್ಯಾನ್ಸರ್ ಗಡ್ಡೆ ಮತ್ತೆ ಬೆಳೆಯುವುದೆಂದರೇನು? ಚಿಕ್ಕವನಿದ್ದಾಗ ಔಷಧಿಯನ್ನು ಕೆನ್ನೆಯಲ್ಲಿ ಅಡಗಿಸಿಟ್ಟು ಬೀರುವಿನ ಹಿಂದೆ ಉಗುಳುತ್ತಿದ್ದ ಆಸಾಮಿ ಅವನು. ಈಗ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್, ಮೀಸೆಯೂ ನರೆತಿದೆ. ಅವಳ ಕಣ್ಣಿಗೆ ಮಾತ್ರ ಅದೇ ಕಳ್ಳ.

ತನ್ನ ಹೊಲಿಗೆ ಅಂಗಡಿಗೆ ಹೊರಡುವ ಮುನ್ನ ಅವನ ಜೇಬು ತಡಕಿದಳು, ಹಾಸಿಗೆ ಎತ್ತಿದಳು, ಹೂಕುಂಡದ ಮಣ್ಣನ್ನೂ ಕೆದಕಿದಳು. ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

"ಬಾಯಿ ತೆಗಿ."

"ನುಂಗಿದೆ ಕಣೇ ಅಕ್ಕ!"

"ನಾಲಿಗೆ ಎತ್ತು."

ಎತ್ತಿದ. ಕೆಮ್ಮು ಬಂದು ಬಗ್ಗಿಬಿಟ್ಟ. ಅದೂ ನಾಟಕವಿದ್ದೀತು ಎಂದುಕೊಂಡಳು.

ಆಸ್ಪತ್ರೆಯವರು ಗಡ್ಡೆಯ ಚೂರನ್ನೂ ರಕ್ತವನ್ನೂ ಮತ್ತೆ ಪರೀಕ್ಷೆ ಮಾಡಿಸಿದರು. ವರದಿ ಬಂದ ದಿನ ಅಕ್ಕ ಅವನಿಗಿಂತ ಮೊದಲೇ ಕೋಣೆಗೆ ನುಗ್ಗಿ, "ಇವನು ನುಂಗ್ತಿಲ್ಲ ಡಾಕ್ಟ್ರೇ, ನೀವೇ ಗದರಿಸಿ," ಎಂದಳು.

"ನುಂಗ್ತಿದಾರಮ್ಮ. ರಕ್ತದಲ್ಲಿ ಔಷಧಿ ಇರಬೇಕಾದಷ್ಟಿದೆ," ಎಂದರು ಡಾಕ್ಟರಮ್ಮ.

ಅಕ್ಕ ಅವರನ್ನೂ ಅನುಮಾನದಿಂದಲೇ ನೋಡಿದಳು. "ಮತ್ತೆ ಯಾಕೆ ಬೆಳೀತು?"

"ಬೆಳೆಯೋಕೆ ಹೇಳೋ ಸಂಕೇತ ಜೀವಕೋಶದ ಮೇಲ್ಮೈಗೆ ಬರುತ್ತೆ. ಅಲ್ಲಿಂದ ಒಂದು ಪ್ರೋಟೀನು ಇನ್ನೊಂದಕ್ಕೆ ದಾಟಿಸ್ತಾ ಒಳಗಿನ ಕೇಂದ್ರದವರೆಗೆ ಮುಟ್ಟಿಸುತ್ತೆ. ಆಗ ಸುಮ್ಮನಿದ್ದ ಜೀನ್‌ಗಳೂ ಕೆಲಸ ಶುರು ಮಾಡ್ತವೆ, ಕೋಶ ಒಡೆದು ಎರಡಾಗುತ್ತೆ. ಇವರಲ್ಲಿ ಮೇಲ್ಮೈಯ ಪ್ರೋಟೀನಿನ ಜೀನ್ ಕೆಟ್ಟಿತ್ತು, ಮಾತ್ರೆ ಆ ಪ್ರೋಟೀನನ್ನ ತಡೀತಿತ್ತು. ಈಗ ದಾರಿ ಮಧ್ಯದ ಇನ್ನೊಂದು ಪ್ರೋಟೀನಿನ ಜೀನೂ ಕೆಟ್ಟಿದೆ. ಮೇಲಿಂದ ಏನೂ ಬರದಿದ್ರೂ ಆ ಪ್ರೋಟೀನು ತಾನೇ ಸಂಕೇತ ಕಳಿಸ್ತಿದೆ."

"ಅಂದ್ರೆ ಇವನ ತಪ್ಪೇನೂ ಇಲ್ವಾ?"

"ಏನೇನೂ ಇಲ್ಲ. ಅದನ್ನೂ ತಡೆಯೋಕೆ ಇನ್ನೊಂದು ಮಾತ್ರೆ ಸೇರಿಸೋಣ."

"ಗಡ್ಡೆ ಮತ್ತೂ ಇನ್ನೊಂದು ದಾರಿ ಹುಡುಕಿಕೊಂಡ್ರೆ?"

"ಹುಡುಕಿಕೊಳ್ಳಬಹುದು. ಅದಕ್ಕೇ ಆಗಾಗ ನೋಡ್ತಿರಬೇಕು."

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕದ ಜಾಗವನ್ನು ಅವನಿಗೆ ಬಿಟ್ಟುಕೊಟ್ಟಳು. "ಬೈಯೋದಿದ್ರೆ ಬೈದುಬಿಡೋ," ಎಂದಳು.

"ಏನಂತ ಬೈಲಿ? ನೀನು ಹಾಗೆ ಕಾಯ್ತಿದ್ದಾಗ ನಂಗೇ ಅನುಮಾನ ಬಂದಿತ್ತು, ನುಂಗಿದ್ನೋ ಇಲ್ವೋ ಅಂತ."

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ. ಅವನ ಕೈ ಹಿಡಿದುಕೊಂಡಳು.

ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಅವನು ಏಣಿ ಹೊರಗೆ ತೆಗೆದು ಬೋರ್ಡು ಬರೆಯಲು ಹೋದ. ಅಕ್ಕ ಮಾತ್ರ ಆ ಗಡ್ಡೆಯನ್ನು ನಂಬಲಿಲ್ಲ. ಮುಂದಿನ ಪರೀಕ್ಷೆಯ ದಿನವನ್ನು ಅಂದೇ ಗೊತ್ತು ಮಾಡಿಕೊಂಡು ಬಂದಳು.