ಸಾಹೇಬನ ಹೊಸ ಕೆನ್ನೆ

ಮಾವ ನಲವತ್ತು ವರ್ಷ ಜನರ ಗಡ್ಡ ಬೋಳಿಸಿದವರು. ಮುಖದ ಮೇಲಿನ ಯಾವ ಗಾಯ ಎಷ್ಟು ದಿನಕ್ಕೆ ಮಾಯುತ್ತದೆಂಬುದು ಅವರಿಗೆ ಬಾಯಿಪಾಠ. ಹಾಗಾಗಿ ಬಿಳಿ ಬೆಕ್ಕು ಸಾಹೇಬನ ಕಣ್ಣಿನ ಕೆಳಗಿನ ಹಕ್ಕಳೆ ಮೂರನೇ ಸಲ ಉದುರಿ ಮತ್ತೆ ಕಟ್ಟಿದಾಗ, ಅವನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನೇರ ಸೊಸೆಯ ಆಸ್ಪತ್ರೆಗೆ ಬಂದರು. ಸೊಸೆ ಪಶುವೈದ್ಯೆ. ಅವಳು ಗಾಯದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಚರ್ಮದ ಕ್ಯಾನ್ಸರ್ ಎಂದು ವರದಿ ಬಂತು.

"ಸುತ್ತಲಿನ ಒಳ್ಳೆ ಚರ್ಮಾನೂ ಸ್ವಲ್ಪ ಸೇರಿಸಿ ತೆಗೀಬೇಕು, ಮಾವ."

"ಅಷ್ಟು ತೆಗೆದು ಎಳೆದು ಹೊಲಿದ್ರೆ ಕಣ್ಣು ಮುಚ್ಚೋಕೆ ಆಗುತ್ತೇನಮ್ಮ?"

"ಆಗಲ್ಲ. ಅದಕ್ಕೇ ಎಳೆಯಲ್ಲ. ಕತ್ತಲ್ಲಿ ಸಡಿಲ ಚರ್ಮ ಬೇಕಾದಷ್ಟಿದೆ. ಬುಡ ಕತ್ತರಿಸದೆ ಅದನ್ನೇ ಕೆನ್ನೆಗೆ ತಿರುಗಿಸಿ ಕೂರಿಸ್ತೀನಿ. ರಕ್ತ ಬುಡದಿಂದ ಬರ್ತಾ ಇರುತ್ತೆ."

"ಬೆಕ್ಕಿಗೆ ಎಷ್ಟು ಸಲ ಮಾಡಿದ್ದೀಯ?"

"ನಾಲ್ಕು. ನಾಲ್ಕೂ ಓಡಾಡ್ಕೊಂಡಿವೆ."

ಮಾವ ಟವೆಲ್ ಬಿಚ್ಚಿ ಸಾಹೇಬನನ್ನು ಅವಳ ಕೈಗಿತ್ತರು.

ಮರುದಿನ ಬೆಳಿಗ್ಗೆ ಅರಿವಳಿಕೆ ಕೊಟ್ಟು ಕ್ಯಾನ್ಸರ್ ಹುಣ್ಣು ತೆಗೆದಾಗ ಕೆನ್ನೆಯಲ್ಲಿ ದೊಡ್ಡ ಗುಂಡಿ ಉಳಿಯಿತು. ಸೊಸೆ ಗುಂಡಿಯ ಅಳತೆಗೆ ಕಾಗದ ಕತ್ತರಿಸಿ, ಕತ್ತಿನ ಮೇಲಿಟ್ಟು ಗುರುತು ಹಾಕಿ, ಚರ್ಮ ಬಿಡಿಸಿ ತಿರುಗಿಸಿದಳು. ಎರಡು ಗಂಟೆಯ ಹೊಲಿಗೆಯ ನಂತರ ಬೆರಳಿಂದ ರೆಪ್ಪೆಗಳನ್ನು ಹತ್ತಿರ ತಂದು ನೋಡಿದಳು. ಒಂದಕ್ಕೊಂದು ಮುಟ್ಟಿದವು.

ಮೂರನೇ ದಿನ ಕೂರಿಸಿದ ಚರ್ಮದ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಕಪ್ಪಗಾಯಿತು. ಮಾವ ಜೇಬಿಗೆ ಕೈಹಾಕಿ ಕ್ಷೌರದ ಗಾಯಕ್ಕೆ ಉಜ್ಜುವ ಪಟಿಕದ ಕಲ್ಲು ತೆಗೆದರು.

"ಅದು ಜೇಬಲ್ಲೇ ಇರಲಿ, ಮಾವ!"

"ಸುಮ್ನೆ ಕೂತ್ಕೊಳ್ಳಲಾ ಹಾಗಾದ್ರೆ?"

"ಹೂಂ, ಸುಮ್ನೆ ಕೂತ್ಕೊಳ್ಳಿ. ಅದೇ ಕಷ್ಟದ ಕೆಲಸ."

ಅವಳು ಕಪ್ಪಿನ ಸುತ್ತ ಪೆನ್ನಿನಿಂದ ಗೆರೆ ಎಳೆದಳು. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು. ಆದರೆ ಬೆಳಿಗ್ಗೆ ಎಂದಿಗಿಂತ ಮುಂಚೆ ಆಸ್ಪತ್ರೆಯ ಬೀಗ ತೆಗೆದವಳೂ ಅವಳೇ. ಕಪ್ಪು ಗೆರೆ ದಾಟಿರಲಿಲ್ಲ. ಉಳಿದ ಚರ್ಮ ಗುಲಾಬಿ ಬಣ್ಣಕ್ಕಿತ್ತು. ವಾರದಲ್ಲಿ ಕಪ್ಪು ತಾನಾಗಿಯೇ ಉದುರಿತು. ಕತ್ತರಿಸಿದ ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲವೆಂಬ ವರದಿಯೂ ಬಂತು.

ಎರಡು ತಿಂಗಳಿಗೆ ಕೆನ್ನೆಯಲ್ಲಿ ಕೂದಲು ಬೆಳೆಯಿತು, ಉಲ್ಟಾ ದಿಕ್ಕಿಗೆ.

"ಇಂಥ ಸುಳಿ ನನ್ನ ಸರ್ವಿಸಲ್ಲೇ ನೋಡಿರ್ಲಿಲ್ಲ," ಎಂದು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದಕ್ಕೆ ನನ್ನನ್ನ ಬೈಬೇಡಿ. ಕಿಟಕಿಗೆ ಪರದೆ ಹಾಕಿ. ಬಿಳಿ ಬೆಕ್ಕಿಗೆ ಬಿಸಿಲು ಆಗಲ್ಲ, ಈ ಕ್ಯಾನ್ಸರ್ ಬರೋದೇ ಅದರಿಂದ."

ಮಾವ ಅಂದೇ ಪರದೆ ಹಾಕಿದರು. ಸಾಹೇಬ ಸಂಜೆಯೊಳಗೆ ಅದನ್ನು ಹರಿದು ಚಿಂದಿ ಮಾಡಿದ. ಮಾವ ಬೈಯುತ್ತಲೇ ಎರಡನೆಯದನ್ನು ಇನ್ನೂ ದಪ್ಪ ಬಟ್ಟೆಯಲ್ಲಿ ಹೊಲಿಸಲು ಹೊರಟರು.