ಚೆಲ್ಲಿದ ಉಡಿ

“ಬಗ್ಗು. ನಿಮ್ಮತ್ತಿ ಕಲಿಸಿಲ್ಲೇನು? ಕೆಳಗ ಬಿದ್ದದ್ದು ಒಂದ್ ಕಾಳೂ ಉಳೀಬಾರ್ದು ನೋಡು” ಎಂದು ಗೌಡರ ಮನೆ, ವಾಡೆಯ ಮೇಲಿನ ಮೆಟ್ಟಿಲಿನಿಂದ ಗೌಡಸಾನಿ ಮಹಾದೇವಮ್ಮ ಹೇಳಿದಳು.

ಕೆಳಗೆ ಅಂಗಳದಲ್ಲಿ ಸೆರಗೊಡ್ಡಿ ನಿಂತವಳು ದ್ರೌಪದಿ. ನಮ್ಮ ಕೇರಿಯ ಶಿವಕಾಂತಮ್ಮನ ಮಗ ಲಾಲಪ್ಪನನ್ನು ಮದುವೆಯಾಗಿ ಶಹಾಬಾದದಿಂದ ಬಂದವಳು, ಮೈಮೇಲಿನ ಅರಿಸಿನ ಇನ್ನೂ ಹೋಗಿರಲಿಲ್ಲ. ಅವಳ ಜೊತೆ ಬಂದ ನಾವು ಹೆಂಗಸರು ಗೋಡೆಗೆ ಅಂಟಿ ನಿಂತಿದ್ದೆವು.

ಉಡಿ ತುಂಬುವುದೆಂದರೆ ಎಲ್ಲರಿಗೂ ಗೊತ್ತು. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಕೈಯಾರೆ ಮಡಿಲಿಗೆ ಹಾಕುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ವಾಡೆಯ ಪದ್ಧತಿ ಬೇರೆ. ನಮ್ಮನ್ನು ಮುಟ್ಟಬಾರದಲ್ಲ, ಮೇಲಿನಿಂದ ಮೊರದಲ್ಲಿ ಜೋಳ ಸುರಿಯುತ್ತಿದ್ದರು. ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ. ನೆಲದ್ದನ್ನು ಹೊಸ ಸೊಸೆ ಆರಿಸಬೇಕಿತ್ತು. ಅವಳ ಕೈ ಎಷ್ಟು ಚುರುಕೆಂದು ಗೌಡ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ, ತೊಗರಿ ಕೊಯ್ಲಿಗೆ ಆಳು ನೋಡಿದ ಹಾಗೆ. ಶಿವಕಾಂತಮ್ಮ ತನ್ನ ಕಾಲಕ್ಕೆ ಫರಸಿ ಕಲ್ಲಿನ ಸಂದಿಯ ಕಾಳನ್ನೂ ಪಿನ್ನಿನಿಂದ ಕೆದಕಿ ತೆಗೆದಿದ್ದಳಂತೆ. ಅದನ್ನು ನಗುತ್ತಲೇ ಹೇಳುತ್ತಿದ್ದಳು.

ಇದು ನಿಂತು ಬಹಳ ವರ್ಷವಾಗಿತ್ತು. ಈಗ ಗೌಡರ ಮನೆಗೆ ಕಲಬುರಗಿಯಿಂದ ಬಂದ ಸೊಸೆಗೆ ಹಳ್ಳಿಯ ಹಳೇ ಸಂಪ್ರದಾಯ ಮೊಬೈಲಿನಲ್ಲಿ ಹಿಡಿಯುವ ಆಸೆ. ಗೌಡ ದೇವೀಂದ್ರಪ್ಪ ಹೇಳಿ ಕಳಿಸಿದ. ನಮ್ಮ ಮನೆಗಳು ನಿಂತದ್ದೇ ಅವನ ನೆಲದಲ್ಲಿ; ಬರುವುದಿಲ್ಲ ಅನ್ನಲು ಬಾಯಿ ಎಲ್ಲಿದೆ?

“ಸ್ವಲ್ಪ ನಗಮ್ಮ, ಮುಖ ಈ ಕಡೆ” ಎಂದಳು ಮೊಬೈಲಿನವಳು.

ದ್ರೌಪದಿ ನಗಲೂ ಇಲ್ಲ, ಬಗ್ಗಲೂ ಇಲ್ಲ. ಶಿವಕಾಂತಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಆಕಿ ಹೊಸಬಳು, ನಾನೇ ಆರಿಸ್ತೀನೆಂದು ಬೇಡಿಕೊಳ್ಳುತ್ತ ಕುಕ್ಕರಗಾಲಿನಲ್ಲಿ ಕೂತೇಬಿಟ್ಟಳು.

“ಏಳ್, ಮುದಿ ಕತ್ತಿ. ನೀ ಆರಿಸೋದು ಯಾರಿಗಿ ಬೇಕಾಗ್ಯಾದ” ಎಂದ ಕಟ್ಟೆಯ ಮೇಲಿದ್ದ ಗೌಡ.

ದ್ರೌಪದಿ ಅವನತ್ತ ನೋಡಲೇ ಇಲ್ಲ. ಮೊಬೈಲು ಹಿಡಿದವಳನ್ನು ಕೇಳಿದಳು: “ಅಕ್ಕೋರೆ, ನೀವು ಈ ಮನಿಗಿ ಬಂದಾಗ ಎಷ್ಟ್ ಕಾಳ ಆರಿಸಿದ್ರಿ?”

ಆ ಹುಡುಗಿಯ ಕೈ ಮೆಲ್ಲಗೆ ಕೆಳಗಿಳಿಯಿತು.

“ರಂಡಿ, ಯಾರ ಮುಂದ ಬಾಯಿ ಮಾಡಾಕತ್ತಿ?” ಎಂದು ಗೌಡಸಾನಿ ಚೀರಿದಳು.

ದ್ರೌಪದಿ ಸೆರಗು ಬಿಟ್ಟಳು. ಜೋಳ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ ಎಲ್ಲ ಮೆಟ್ಟಿಲ ಬುಡಕ್ಕೆ ಬಿದ್ದವು. ಹೊಸ್ತಿಲ ಮುಂದೆ ಉಡಿ ಚೆಲ್ಲಿದರೆ ಕೊಟ್ಟ ಮನೆಗೆ ಕೇಡು ಅನ್ನುತ್ತಾರೆ. ಗೌಡಸಾನಿಯ ಕೈ ತಾನಾಗಿ ತಾಳಿಗೆ ಹೋಯಿತು.

“ಸೂಳೇಮಕ್ಕಳ, ಹೊತ್ತು ಮುಳಗೂದ್ರಾಗ ಜಾಗಾ ಖಾಲಿ ಮಾಡ್ರಿ. ಇಲ್ಲಂದ್ರ ಜೆಸಿಬಿ ತರಸ್ತೀನಿ” ಎಂದ ಗೌಡ.

ನಾವು ಕೇರಿಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಲಾಲಪ್ಪ ಆಗಲೇ ಮನೆಯ ಮೇಲೇರಿ, ತಗಡಿನ ಮೇಲೆ ಹೇರಿದ್ದ ಕಲ್ಲು ಇಳಿಸುತ್ತಿದ್ದ. ಬಿಚ್ಚಿದರೆ ತಾನೇ ಬಿಚ್ಚಬೇಕು, ತನ್ನ ಮನೆಗೆ ಅವರ ಕೈ ಹತ್ತಬಾರದೆಂದ. ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ.

“ಎಲ್ಲಿಗಿ ಹೋಗೂದೋ?” ಎಂದಳು ಶಿವಕಾಂತಮ್ಮ.

“ನನಗೇನ್ ಗೊತ್ತದವ್ವ.”

ಅವಳು ಒಳಗೆ ಇಣುಕಿ ನೋಡಿದಳು. “ಒಲಿ ಮ್ಯಾಲಿಂದೊಂದು ತಗಡ ಇರ್ಲಿ ಬಿಡು. ಬ್ಯಾಳಿ ಇನ್ನಾ ಕುದಿಯಾಕತ್ಯಾದ.”

ಅವನು ಪಕ್ಕದ ತಗಡು ಇಳಿಬಿಟ್ಟ. ದ್ರೌಪದಿ ಸೆರಗು ಸೊಂಟಕ್ಕೆ ಸಿಗಿಸಿ, ಹಸಿರು ಬಳೆ ತುಂಬಿದ ಎರಡೂ ಕೈ ಚಾಚಿದಳು. ಬಿಸಿಲಿಗೆ ಕಾದ ತಗಡು ಅಂಗೈ ಸುಟ್ಟಿತು. ಬಿಡದೆ ಹಿಡಿದು ಗೋಡೆಗೆ ಒರಗಿಸಿ, ಮತ್ತೆ ಮೇಲೆ ನೋಡಿದಳು.