ಏಳನೇ ಲೈನಿನ ಬಿಲ್ಲೆ

"ಹೊಟ್ಟೇಲೇನು ಬೋರ್‌ವೆಲ್ ಕೊರೆಸ್ಕೊಂಡಿದೀಯೇನೇ? ಈಗ ತಾನೇ ಹೋಗ್ಬಂದ್ಯಲ್ಲೇ, ಮುಂಡೆ."

ಸೂಪರ್‌ವೈಸರ್ ಬೈಯುತ್ತಿದ್ದದ್ದು ನನ್ನ ಅಕ್ಕನನ್ನು. ಗಂಡ ಹೋದ ಹೆಂಗಸಿಗೆ ಆ ಮಾತು ಅಂದರೆ ಎರಡು ಸಲ ಬೈದ ಹಾಗೆ. ಅಕ್ಕ ಅವನ ಮುಂದೆ ಅಂಗೈ ಚಾಚಿ ನಿಂತಿದ್ದಳು. ಅವನ ಕೊರಳಲ್ಲಿ ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ನಮ್ಮ ಏಳನೇ ಲೈನಿನಲ್ಲಿ ಮೂವತ್ತೆಂಟು ಹೊಲಿಗೆ ಮಷೀನು, ಮೂವತ್ತೆಂಟು ಹೆಂಗಸರು, ಅಷ್ಟೂ ಜನಕ್ಕೆ ಅದೊಂದೇ ಬಿಲ್ಲೆ. ಅದು ಕೈಗೆ ಸಿಕ್ಕಿದರೆ ಮಾತ್ರ ಕಕ್ಕಸಿಗೆ ಹೋಗಬಹುದು. ಎದ್ದು ಬಂದು ಅವನ ಮುಂದೆ ಕೈ ಚಾಚಬೇಕು, ಕೊಟ್ಟರೆ ಕೊಟ್ಟ, ಇಲ್ಲದಿದ್ದರೆ ಇಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ತಡೆದುಕೊಳ್ಳಲು ಆಗುವುದಿಲ್ಲ. ಇದು ಲೈನಿಗೆಲ್ಲ ಗೊತ್ತು, ಅವನಿಗೂ ಗೊತ್ತು.

"ಆಗ್ತಿಲ್ಲ ಸಾರ್."

"ಆಗ್ದಿದ್ರೆ ಮನೇಲಿ ಬಿದ್ದಿರು. ಹೋಗ್ ಕೂತ್ಕೋ."

ಬಂದು ಕೂತಳು. ಅವಳ ಮುಂದಿನ ಮಷೀನಿನಲ್ಲಿ ನಾನು ಕಾಲರ್ ಹೊಲಿಯುತ್ತಿದ್ದೆ. ಮಷೀನಿಗೆ ಕೂರುವಾಗ ನಾವು ಚಪ್ಪಲಿ ಬಿಟ್ಟಿರುತ್ತೇವೆ. ಸ್ವಲ್ಪ ಹೊತ್ತಿಗೆ ನನ್ನ ಪಾದ ಒದ್ದೆಯಾಯಿತು. ಬಗ್ಗಿ ನೋಡಬೇಕಾಗಿರಲಿಲ್ಲ, ಬೆಚ್ಚಗಿತ್ತು.

ಸೂಪರ್‌ವೈಸರ್ ಮೂಗು ಮುಚ್ಚಿಕೊಂಡು ಬಂದ. "ನೋಡ್ರಮ್ಮಾ, ನಲವತ್ತೈದು ವರ್ಷದ ಮಗೂನ" ಎಂದ. ನಾಲ್ಕೈದು ಜನ ನಕ್ಕರು. ಅದರಲ್ಲಿ ನಾನೂ ಒಬ್ಬಳು. ಅವನು ನನ್ನ ಕಡೆಯೇ ನೋಡುತ್ತಿದ್ದ, ಅದಕ್ಕೇ ನಕ್ಕಿರಬೇಕು. ಅಕ್ಕ ಕಟಿಂಗ್ ಮೇಜಿನ ಕೆಳಗಿದ್ದ ಚಿಂದಿ ತಂದು, ಕುಕ್ಕರಗಾಲಲ್ಲಿ ಕೂತು ನೆಲ ಒರೆಸಿದಳು. ಹಾಗೇ ನನ್ನ ಪಾದವನ್ನೂ ಒರೆಸಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆನೇ ಹೊರತು ಏಳಲಿಲ್ಲ.

ಈ ಅಕ್ಕನೇ ನನ್ನನ್ನು ಕೈಹಿಡಿದು ಈ ಫ್ಯಾಕ್ಟರಿಗೆ ಕರೆತಂದವಳು. ಮೊದಲು ಹೀಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಗಲೂ ಬಿಲ್ಲೆ ಇತ್ತು, ಆದರೆ ದುಡಿಮೆ ಎಂಟು ಗಂಟೆಯದಾಗಿತ್ತು. ಆಮೇಲೆ ನಾವು ಹೆಸರೂ ಕೇಳದ ಒಂದು ದೇಶದಲ್ಲಿ ಬಟ್ಟೆ ಫ್ಯಾಕ್ಟರಿ ಹೊತ್ತಿ ಉರಿದು, ಹೊರಗಿನಿಂದ ಬೀಗ ಹಾಕಿದ್ದ ಬಾಗಿಲ ಹಿಂದೆ ನಮ್ಮಂಥವರೇ ನೂರಾರು ಜನ ಸತ್ತರಂತೆ. ಅಂಗಿ ಕೊಳ್ಳುವ ದೇಶದವರಿಗೆ ತಾವು ತೊಟ್ಟ ಅಂಗಿಯೇ ಚುಚ್ಚತೊಡಗಿತು. ಅವರ ಮುಲಾಜಿಗೆ ನಮ್ಮ ಸರ್ಕಾರವೂ ಒಂದು ಕಾನೂನು ಮಾಡಿತು. ಪ್ರತಿ ಫ್ಯಾಕ್ಟರಿಯಲ್ಲೂ ಕೆಲಸಗಾರರದೇ ಸಮಿತಿ ಇರಬೇಕು, ಅದಕ್ಕೆ ಚುನಾವಣೆ ಆಗಬೇಕು. ನಮ್ಮಲ್ಲೂ ಆಯಿತು. ಮ್ಯಾನೇಜರ್ ಕೋಣೆಯಲ್ಲಿ ಮ್ಯಾನೇಜರ್ ಒಬ್ಬರೇ ವೋಟು ಹಾಕಿದರು, ನಾನು ಗೆದ್ದೆ.

ಅದಾದ ಮೇಲೆ ಇನ್ನೆಲ್ಲೋ ಯುದ್ಧ ಶುರುವಾಗಿ ಸಮುದ್ರದಲ್ಲಿ ಹಡಗಿನ ದಾರಿ ಮುಚ್ಚಿತು. ಸುತ್ತು ಹಾಕಿಕೊಂಡು ಹೋದರೆ ಮಾಲು ತಲುಪುವುದು ಹದಿನೈದು ದಿನ ತಡ. ಆ ಹದಿನೈದು ದಿನವನ್ನು ನಮ್ಮ ಮೈಯಿಂದ ಹಿಂಡಿ ತೆಗೆಯುವುದು ಅಂತ ದೊಡ್ಡವರೆಲ್ಲ ಕೂತು ತೀರ್ಮಾನಿಸಿದರು. ಸರ್ಕಾರ ಮತ್ತೊಂದು ಕಾನೂನು ಮಾಡಿತು: ಕೆಲಸಗಾರರು ಒಪ್ಪಿದರೆ ಹನ್ನೆರಡು ಗಂಟೆ ದುಡಿಸಬಹುದು. ಹಡಗಿಗೆ ದಾರಿ ಮುಚ್ಚಿದ್ದಕ್ಕೆ ಇಲ್ಲಿ ನಮ್ಮ ಕಕ್ಕಸಿನ ದಾರಿಗೂ ಬೀಗ ಬಿತ್ತು. ಹನ್ನೆರಡು ಗಂಟೆಗೆ ಎರಡೇ ಸಲ.

ಕೆಲಸಗಾರರು ಸಂತೋಷದಿಂದ ಒಪ್ಪಿದ್ದಾರೆ ಅಂತ ಕಾಗದದಲ್ಲಿದೆ. ಅದರ ಕೆಳಗಿನ ಸಹಿ ನನ್ನದು. ಅವತ್ತು ಮ್ಯಾನೇಜರ್ ನನಗೆ ಕುರ್ಚಿ ಕೊಟ್ಟು ಕೂರಿಸಿ ಟೀ ತರಿಸಿದರು. ನೀನು ಒಪ್ಪದಿದ್ದರೆ ಆರ್ಡರೆಲ್ಲ ಬೇರೆ ದೇಶಕ್ಕೆ ಹೋಗುತ್ತದೆ, ಸಾವಿರ ಜನರ ಅನ್ನ ಕಿತ್ತುಕೊಂಡವಳು ನೀನೇ ಆಗುತ್ತೀಯ ಎಂದರು. ಹೆದರಿದೆ, ನಿಜ. ಆದರೆ ಕುರ್ಚಿಯ ಮೆತ್ತೆ ಹಿತವಾಗಿತ್ತು ಅನ್ನುವುದೂ ನಿಜವೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನೆಲ ಒರೆಸಿದ ದಿನ ಸಂಜೆ ಅಕ್ಕ ವಠಾರದ ನಲ್ಲಿ ಹತ್ತಿರ ಸೀರೆ ಒಗೆಯುತ್ತಿದ್ದಳು. ನಾನು ಬಕೆಟ್ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಅವಳು ತಲೆ ಎತ್ತದೆಯೇ ಮಾತಾಡಿದಳು.

"ಆ ನನ್ಮಗ ನಕ್ಕಿದ್ದು ಬಿಡು. ನಿನ್ನ ನಗು ನಂಗೆ ಗುರುತು ಸಿಗಲ್ವೇನೇ?"

ನನಗೆ ಅಲ್ಲೇ ಭೂಮಿಗೆ ಇಳಿದು ಹೋಗಬೇಕು ಅನ್ನಿಸಿತು. ಬಕೆಟ್ ಅಲ್ಲೇ ಇಟ್ಟು ಒಳಗೆ ಹೋದೆ.

ಮುಂದಿನ ವಾರ ತಪಾಸಣೆ ಬಂತು. ಅಂಗಿ ಕೊಳ್ಳುವ ಕಂಪನಿಯಿಂದ ಹೊರದೇಶದ ಹೆಂಗಸೊಬ್ಬಳು ಬರುವವಳಿದ್ದಳು. ಎರಡು ದಿನ ನಮಗೆಲ್ಲ ಪಾಠ ಮಾಡಿದರು. ಕಕ್ಕಸಿಗೆ ಹೋಗಬೇಕಾದರೆ ಅವತ್ತೊಂದು ದಿನ ಯಾರನ್ನೂ ಕೇಳದೆ ನೆಟ್ಟಗೆ ಎದ್ದು ಹೋಗಬೇಕು. ಅಕ್ಕನೂ ಎಲ್ಲರ ಜೊತೆ ತಲೆ ಆಡಿಸಿದಳು. ಕಕ್ಕಸಿನಲ್ಲಿ ಸೋಪು ಬಂತು, ಹಿಂಬಾಗಿಲ ಬೀಗ ತೆರೆಯಿತು. ಕೊನೆಗೆ ಸೂಪರ್‌ವೈಸರ್ ಕೊರಳಿಂದ ಬಿಲ್ಲೆ ತೆಗೆದು ನನ್ನ ಕೈಗೆ ಕೊಟ್ಟ. "ನೀನು ಸಮಿತಿಯವಳು, ನಿನ್ನ ಯಾರೂ ತಡಕಲ್ಲ. ಬಚ್ಚಿಟ್ಕೋ" ಎಂದ. ಅವನ ಬೆವರು ಅದರ ಮೇಲಿನ್ನೂ ಇತ್ತು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆ ಹೆಂಗಸು ನಗುಮುಖದವಳು. ಮ್ಯಾನೇಜರ್ ಗೊತ್ತುಮಾಡಿದ್ದ ದುಭಾಷಿ ಅವಳ ಜೊತೆಗಿದ್ದ. ನೆಟ್ಟಗೆ ನನ್ನ ಹತ್ತಿರ ಕರೆತಂದರು. ಇಲ್ಲಿ ನಿಮಗೆ ತೊಂದರೆ ಇದೆಯಾ, ಬೇಕೆಂದಾಗ ಕಕ್ಕಸಿಗೆ ಬಿಡುತ್ತಾರಾ ಅಂತ ಕೇಳಿಸಿದಳು.

"ಯಾವಾಗ ಬೇಕಾದ್ರೂ ಹೋಗ್ತೀವಿ ಮೇಡಂ. ಹನ್ನೆರಡು ಗಂಟೆ ಕೆಲ್ಸಾನೂ ನಾವಾಗೇ ಕೇಳಿ ತಗೊಂಡಿದ್ದು."

ಒಂದು ಅಕ್ಷರ ತಪ್ಪಲಿಲ್ಲ. ಬರೆದುಕೊಂಡಳು.

ಅಷ್ಟರಲ್ಲಿ ನನ್ನ ಹಿಂದೆ ಸ್ಟೂಲು ಸರಿದ ಸದ್ದಾಯಿತು. ಅಕ್ಕ ಎದ್ದಿದ್ದಳು. ಬಾಗಿಲ ಕಡೆಗೇ ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಹದಿನಾರು ವರ್ಷದ ಅಭ್ಯಾಸ ಅವಳನ್ನು ತಿರುಗಿಸಿತು. ಸೂಪರ್‌ವೈಸರ್ ಮುಂದೆ ಹೋಗಿ ನಿಂತು ಅಂಗೈ ಚಾಚಿದಳು. ಅವನ ಕೈಯೂ ತಾನಾಗಿ ಕೊರಳಿಗೆ ಹೋಯಿತು, ಅಲ್ಲಿ ಅಂಗಿಯ ಗುಂಡಿ ಬಿಟ್ಟು ಏನೂ ಸಿಗಲಿಲ್ಲ.

ಏನದು ಎಂಬಂತೆ ಆ ಹೆಂಗಸು ನೋಡಿದಳು. ದುಭಾಷಿ ಏನು ಹೇಳಿದನೋ, ಅವಳ ಮುಖ ಅರಳಿತು. ಬಂದು ಅಕ್ಕನ ಕೈ ಹಿಡಿದು ಚೆನ್ನಾಗಿ ಕುಲುಕಿದಳು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

ಆಕೆ ಕೈ ಬಿಟ್ಟ ಮೇಲೂ ಅಕ್ಕ ಕೈ ಇಳಿಸಲಿಲ್ಲ. ಮರೆತು ಚಾಚಿದ ಕೈಯನ್ನು ಈಗ ಬೇಕಂತಲೇ ಚಾಚಿಕೊಂಡು ನಿಂತಿದ್ದಳು. "ಹೋಗೇ, ಹೋಗ್ ಸಾಯಿ, ಯಾರ್ ತಡೆದ್ರು ನಿನ್ನ" ಅಂತ ಸೂಪರ್‌ವೈಸರ್ ಹಲ್ಲು ಕಚ್ಚಿ ಪಿಸುಗುಟ್ಟಿದ. ಅವಳು ಹೋಗಲಿಲ್ಲ. ಕಾಲು ಬಿಗಿಹಿಡಿದು ನಿಂತಿದ್ದಳು. ಒಂದೊಂದಾಗಿ ಮಷೀನುಗಳು ನಿಂತವು. ಅಕ್ಕ ನನ್ನ ಕಡೆ ತಿರುಗಿದಳು.

"ಕೊಡೇ. ನಿನ್ ಸೊಂಟದಲ್ಲಿದೆ."

ಸಾವಿರ ಜನರ ಅನ್ನ ಅನ್ನುವ ಮಾತು ತಲೆಯಲ್ಲಿ ಸುತ್ತಿತು. ಮ್ಯಾನೇಜರ್ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ಎದ್ದೆ. ಬಿಲ್ಲೆ ತೆಗೆದು ಅವಳ ಅಂಗೈಯಲ್ಲಿಟ್ಟೆ. ಇಡುವ ಹೊತ್ತಿಗೆ ತಡವಾಗಿತ್ತು. ಅವಳ ಸೀರೆಯಂಚಿನಿಂದ ನೀರು ನೆಲಕ್ಕಿಳಿದು ಆ ಹೆಂಗಸಿನ ಬೂಟಿನ ತನಕ ಹರಿಯಿತು. ಆಕೆ ಅದನ್ನು ನೋಡಿದಳು, ಬಿಲ್ಲೆ ನೋಡಿದಳು, ದುಭಾಷಿಯನ್ನು ಏನೋ ಕೇಳಿದಳು. ಅವನು ಮ್ಯಾನೇಜರ್ ಮುಖ ನೋಡಿದ. ಮತ್ತೆ ಕೇಳಿದಳು.

ನಾನು ಕಟಿಂಗ್ ಮೇಜಿನ ಹತ್ತಿರ ಹೋಗಿ ಚಿಂದಿ ತಂದು ಕುಕ್ಕರಗಾಲಲ್ಲಿ ಕೂತೆ. "ಏಳೇ ಮೇಲೆ, ಹಲ್ಕಾ ಮುಂಡೆ" ಅಂತ ಮ್ಯಾನೇಜರ್ ನನ್ನನ್ನು ಗದರಿದರು. ಅವರ ಬಾಯಿಂದ ಆ ಮಾತು ಮೊದಲ ಸಲ ಕೇಳಿದೆ. ಏಳದೆ ನೆಲ ಒರೆಸಿದೆ. ಅಕ್ಕನ ಎರಡೂ ಪಾದ ಒರೆಸಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.